ಹೂ ಬಿಟ್ಟ ಹತ್ತೊಂಬತ್ತು ದಿನ

ಮೇಲೆ ಹೋಗಿ ನೋಡಿದ್ರಾ ಎಂದು ಒಳಕೋಣೆಯಿಂದ ಹೆಂಡತಿ ಕೇಳಿದಾಗ ಅವನು ಬಚ್ಚಲಿನ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ನೋಡಿರಲಿಲ್ಲ. ನೋಡಿಲ್ಲ ಎಂದರೆ ಯಾಕೆ ನೋಡಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ ಉತ್ತರ ಕೊಟ್ಟರೆ ಉತ್ತರದ ಬಾಲ ಹಿಡಿದು ಇನ್ನೊಂದು. ಇಪ್ಪತ್ತಾರು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು, ನಡುವಿನ ಒಂದು ಸಾಲನ್ನೂ ಹಾರಿಸಲು ಬಿಡುವವಳಲ್ಲ. ಅದಕ್ಕೇ ನೊರೆಯ ನಡುವಿನಿಂದ, ನೋಡಿದೆ, ಏನೂ ಇಲ್ಲ ಎಂದುಬಿಟ್ಟ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತ ಇಪ್ಪತ್ತೆಂಟು ವರ್ಷ ಕಳೆದವನಿಗೆ ಅದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಖ ತೊಳೆದುಕೊಂಡು, ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋದಾಗ ಮೊದಲು ಕಂಡದ್ದೇ ಅದು. ಅರ್ಧಕ್ಕೆ ಕೊಯ್ದ ಡ್ರಮ್ಮಿನಿಂದ ಹೊರಟು ನೀರಿನ ಟ್ಯಾಂಕಿನ ಕಾಲಿಗೆ ಸುತ್ತಿಕೊಂಡು ಕಬ್ಬಿಣದ ಚಪ್ಪರದ ಮೇಲೆ ಏಳು ವರ್ಷದಿಂದ ಸುಮ್ಮನೆ ಮಲಗಿದ್ದ ಬಳ್ಳಿಯ ಗೆಣ್ಣುಗೆಣ್ಣಿಗೂ ಮೊಗ್ಗು. ಬೂದುಬಣ್ಣದ ತುಪ್ಪಳ ಹೊದ್ದು, ಆಗಷ್ಟೇ ಹುಟ್ಟಿದ ಇಲಿಮರಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಬಕೆಟ್ಟು ಕೆಳಗಿಟ್ಟ. ಈಗಲೇ ಹೋಗಿ ಹೇಳಬೇಕು ಅನ್ನಿಸಿತು. ಹೇಳಿದರೆ, ಹಾಗಾದರೆ ಆಗ ಏನು ನೋಡಿದ್ರಿ ಎನ್ನುತ್ತಾಳೆ. ಸಂಜೆ ಹೇಳಿದರಾಯಿತು, ಈಗ ಕಂಡಿತು ಅಂದರಾಯಿತು ಎಂದುಕೊಂಡು ಬಟ್ಟೆ ಹಿಂಡಿ ಹರವಿದ.

ಬಳ್ಳಿ ಅವಳ ತಂಗಿಯ ಅಂಗಳದ್ದು. ಒದ್ದೆ ಕಾಗದದಲ್ಲಿ ಸುತ್ತಿ ಒಂದು ಗೇಣಿನ ಕಡ್ಡಿ ಕೊಟ್ಟವಳು, ಅಕ್ಕಾ, ಇದು ಹೂ ಬಿಟ್ಟ ವರ್ಷ ನೀನು ಅಡಿಗೆ ಮಾಡೋದೂ ಮರೀತೀಯ, ನೋಡ್ತಿರು ಎಂದಿದ್ದಳಂತೆ. ಮರುವರ್ಷ ತಂಗಿ ತೀರಿಹೋದಳು. ಆ ಮನೆಯನ್ನು ಕೊಂಡವರು ಅಂಗಳಕ್ಕೆ ಸಿಮೆಂಟು ಹಾಕಿಸಿದರು. ಅಂದಿನಿಂದ ಚಳಿ ಬಿಟ್ಟು ಬಿಸಿಲು ಬಲಿಯುವ ಈ ದಿನಗಳಲ್ಲಿ ಅವಳು ದಿನಕ್ಕೆ ಎರಡು ಸಲ ಮೇಲೆ ಹೋಗಿ ಗೆಣ್ಣು ಮುಟ್ಟಿ ನೋಡುತ್ತಿದ್ದಳು. ಈ ವರ್ಷ ಮಾತ್ರ ತೊಡೆಮೂಳೆಯ ಕತ್ತು ಮುರಿದುಕೊಂಡು, ಉಕ್ಕಿನ ಪಟ್ಟಿ ಹಾಕಿಸಿಕೊಂಡು, ಮೆಟ್ಟಿಲ ಬುಡದ ಕೋಣೆಯಲ್ಲಿ ಮಲಗಿದ್ದಾಳೆ. ಬಿದ್ದದ್ದು ಅದೇ ಮೆಟ್ಟಿಲ ಮೇಲೆ. ಮಣ್ಣು ತುಂಬಿದ ಕುಂಡ ಒಂದನ್ನು ಮೇಲಿಟ್ಟು ಬನ್ನಿ ಎಂದಿದ್ದಳು. ಅವನು ಹೊಸ ಕ್ಯಾಮೆರಾದ ಲೆನ್ಸು ಒರೆಸುತ್ತ, ಹತ್ತು ನಿಮಿಷ ಅಂದಿದ್ದ. ಹತ್ತು ನಿಮಿಷವನ್ನು ಹತ್ತೇ ನಿಮಿಷ ಎಂದು ತಿಳಿಯುವ ಹೆಂಗಸು ಅವಳು. ಹನ್ನೊಂದನೆಯ ನಿಮಿಷಕ್ಕೆ ತಾನೇ ಎತ್ತಿಕೊಂಡು ಹೊರಟಳು. ಕುಂಡ ಒಡೆದ ಸದ್ದು ಮೊದಲು ಕೇಳಿತೋ ಅವಳ ಸದ್ದೋ ಎಂಬುದು ಅವನಿಗೆ ಇಂದಿಗೂ ಖಚಿತವಿಲ್ಲ. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಇನ್ನೊಬ್ಬ ಕೆಲಸಗಾರ ಊಟಕ್ಕೆ ಹೋಗಿದ್ದರಿಂದ ಚಿತ್ರ ಅವನೇ ತೆಗೆಯಬೇಕಾಯಿತು. ಸೀಸದ ಏಪ್ರನ್ ತೊಟ್ಟು, ಗಾಜಿನ ಆಚೆಯಿಂದ, ಅಭ್ಯಾಸಬಲದಿಂದ, ಅಲ್ಲಾಡಬೇಡೀಮ್ಮಾ ಎಂದ. ಅವಳು ಅಲ್ಲಾಡಲಿಲ್ಲ. ಪರದೆಯ ಮೇಲೆ ಮೂಡಿದ ಮೂಳೆ ಯಾರದ್ದಾದರೂ ಆಗಬಹುದಿತ್ತು. ಬೆಳ್ಳಗೆ, ಸಾಧುವಾಗಿ, ಮಾತಿಲ್ಲದೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳನ್ನು ಇಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅದೇ ಮೊದಲು ಎಂದು ಹೊಳೆದಾಗ ಅವನಿಗೆ ನಾಚಿಕೆಯಾಗಿತ್ತು.

ಸಂಜೆ ಹೇಳಬೇಕೆಂದೇ ಬಂದ. ಎದುರುಮನೆಯ ದರ್ಜಿ ಹೆಂಗಸು ಮಂಚದ ಪಕ್ಕ ಕೂತು ಯಾರದೋ ಲಂಗಕ್ಕೆ ಕೈಹೊಲಿಗೆ ಹಾಕುತ್ತಿದ್ದಳು. ಅವಳ ಗಂಡ ತೀರಿಕೊಂಡ ವರ್ಷ ಟೀಚರು ಅವಳ ಮಗಳಿಗೆ ಪುಕ್ಕಟೆ ಪಾಠ ಹೇಳಿದ್ದರು, ಆ ಋಣಕ್ಕೆ ಈಗ ಮಧ್ಯಾಹ್ನದ ಊಟ, ಸ್ನಾನ ಎಲ್ಲ ಅವಳೇ ನೋಡುತ್ತಿದ್ದಳು. ಅವನು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ತನ್ನ ವಿಷಯವೇ ಕೇಳಿಸಿತು. ಹಿಂದೊಮ್ಮೆ ಹೆಂಡತಿ ತರಬೇತಿಗೆಂದು ವಾರ ಹೊರಗಿದ್ದಾಗ ಅವನು ನೀರು ಹಾಕಿ ಹಾಕಿ ಹತ್ತು ಗಿಡ ಕೊಳೆಸಿದ ಕಥೆ. ಮನೆಗೆ ಯಾರು ಬಂದರೂ ಅದು ಆಗಲೇಬೇಕು. ಹನ್ನೆರಡು ವರ್ಷವಾಯಿತು, ಗಿಡಗಳ ಲೆಕ್ಕ ಹೆಚ್ಚಲೂ ಇಲ್ಲ ಕಡಿಮೆಯೂ ಆಗಲಿಲ್ಲ, ಅಷ್ಟರಮಟ್ಟಿಗೆ ಅವಳು ಪ್ರಾಮಾಣಿಕಳು.

"ಬಂದ್ರಾ? ಮೊಗ್ಗು ಅಂದ್ರೆ ಏನು ಅಂತ ಗೊತ್ತಿದೆ ತಾನೆ ನಿಮಗೆ?" ಎಂದು ಕೇಳಿ, ದರ್ಜಿಯ ಕಡೆ ತಿರುಗಿ, "ಎಲುಬಾಗಿದ್ರೆ ಹೇಳ್ಬಿಡ್ತಿದ್ರು ಕಣೆ. ಜೀವ ಇರೋದು ಇವರ ಕಣ್ಣಿಗೆ ಬೀಳಲ್ಲ" ಎಂದಳು.

ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕಳು. ಅದರಲ್ಲಿ ಕೇಡೇನೂ ಇರಲಿಲ್ಲ. ಅವನೂ ನಕ್ಕ, ಯಾವಾಗಲೂ ನಗುವ ಹಾಗೆ. ಆಮೇಲೆ ಬಹಳ ಸಮಾಧಾನದಿಂದ, ಈಗಲೂ ನೋಡಿಯೇ ಬಂದೆ, ಎಲೆ ಬಿಟ್ಟರೆ ಏನಿಲ್ಲ, ಈ ವರ್ಷವೂ ಇಲ್ಲ ಅಂತ ಕಾಣುತ್ತೆ ಎಂದ. ಅವಳ ಮುಖ ಒಂದು ಕ್ಷಣ, ತುಂಬಾ ಚಿಕ್ಕ ಕ್ಷಣ, ಕಳಚಿಕೊಂಡಿತು. ಮರುಕ್ಷಣ ಸರಿಮಾಡಿಕೊಂಡಳು. ಆದರೆ ಅವನು ಕಂಡಿದ್ದ. ಎದೆಯೊಳಗೆ ಎಲ್ಲೋ, ಚಳಿಯಲ್ಲಿ ಬಿಸಿನೀರಿಗೆ ಕಾಲಿಟ್ಟಂತೆ ಆಯಿತು. ಥೂ ಎಂದುಕೊಂಡ. ಥೂ ಎಂದುಕೊಂಡೇ ಚಹಾ ಕಾಸಲು ಹೋದ, ಅವಳ ಲೋಟಕ್ಕೆ ಅರ್ಧ ಚಮಚ ಸಕ್ಕರೆ ಹೆಚ್ಚಿಗೆ ಹಾಕಿದ.

ನಾಲ್ಕನೆಯ ದಿನ ಬಳ್ಳಿ ಒಡೆಯಿತು. ಚಪ್ಪರದ ತುಂಬ ನೇರಳೆ ಗೊಂಚಲು, ಒಂದೊಂದೂ ಮೊಳದುದ್ದ, ಬುಡದಲ್ಲಿ ಗಾಢ, ತುದಿಗೆ ಬರುಬರುತ್ತ ತಿಳಿ. ಅವನು ಕ್ಯಾಮೆರಾ ತಂದ. ಅದನ್ನು ಕೊಂಡದ್ದೇ ಒಂದು ದೊಡ್ಡ ರಗಳೆಯಾಗಿತ್ತು; ದಿನಾ ಫೋಟೋ ತೆಗೆಯೋದು ಸಾಲದಾ ಎಂದಿದ್ದಳು. ಕಪ್ಪು ಬಿಳುಪಿನಲ್ಲಿ ಜನರ ಒಳಗನ್ನು ಹಿಡಿಯುವವನಿಗೆ ಬಣ್ಣದ ಹೊರಗು ಬೇಕೆನಿಸುತ್ತದೆ ಎಂದು ವಿವರಿಸುವ ಮಾತು ಆಗ ಅವನಿಗೆ ಸಿಕ್ಕಿರಲಿಲ್ಲ. ಈಗ ಬೇಕಾಗಿಯೂ ಇರಲಿಲ್ಲ. ಬಟ್ಟೆ ಒಣಹಾಕುವ ನೆಪದಲ್ಲಿ ಬೆಳಿಗ್ಗೆ ಮುಕ್ಕಾಲು ಗಂಟೆ, ತೆಗೆಯುವ ನೆಪದಲ್ಲಿ ಸಂಜೆ ಅರ್ಧ ಗಂಟೆ. ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಟ್ಟ. ಬೆಕ್ಕು ಹತ್ತುತ್ತದೆ ಎಂದರೆ ಅವಳು ನಂಬಿದಳು. ಔಷಧಿಗೆ ಹೋದವನು ಕೆರೆಯ ದಂಡೆ ಸುತ್ತಿ ಬಂದ, ಬ್ರೆಡ್ಡಿಗೆ ಹೋದವನು ಪಾರ್ಕಿನ ಬೆಂಚಿನ ಮೇಲೆ ಬಿದ್ದ ಹಳದಿ ಹೂವಿನ ರಾಶಿಯ ಪಕ್ಕ ಕೂತು ಒಂದು ಇಡೀ ಬನ್ನು ಒಬ್ಬನೇ ತಿಂದ. ಕಂಪೌಂಡಿನಾಚೆ ಚಾಚಿದ ಯಾರದೋ ಮನೆಯ ಗುಲಾಬಿಯನ್ನು ಮಂಡಿಯೂರಿ ಚಿತ್ರ ತೆಗೆಯುವಾಗ ಮನೆಯಾಕೆ ಹೊರಬಂದು, ಒಳಗೇ ಬನ್ನಿ, ಬೆಳಕು ಚೆನ್ನಾಗಿದೆ ಎಂದಳು. ಬೆಳಕು ಚೆನ್ನಾಗಿದೆ! ಯಾರೂ ಅವನ ಜೊತೆ ಹೀಗೆ ಮಾತಾಡಿದ್ದಿಲ್ಲ. ಐವತ್ತಮೂರು ವಸಂತ ಕಳೆದವನಿಗೆ ಇದು ಮೊದಲನೆಯದು ಅನ್ನಿಸುತ್ತಿತ್ತು, ಅದಕ್ಕೆ ಕಾರಣ ಮುರಿದ ಮೂಳೆಯೊಂದು ಎಂದು ನೆನಪಾದಾಗ ಕೆಳಗೆ ಬಂದು ಅವಳ ಕಾಲು ಒತ್ತುತ್ತಿದ್ದ. ಅವಳು ಕಣ್ಣು ಮುಚ್ಚಿ ಒತ್ತಿಸಿಕೊಳ್ಳುವಳು. ಇವತ್ತು? ಎಂದು ಕೇಳುವಳು. ಇನ್ನೂ ಇಲ್ಲ, ಎನ್ನುವನು. ಮೊದಮೊದಲು ಕುತ್ತಿಗೆ ಬೆವರುತ್ತಿತ್ತು. ವಾರದ ಹೊತ್ತಿಗೆ, ಹಲ್ಲುಜ್ಜಿದಷ್ಟೇ ಸಲೀಸು.

ಹೂ ಬಿಟ್ಟ ಎರಡನೆಯ ದಿನವೇ ದರ್ಜಿ ಕಿಟಕಿಯಿಂದ ನೋಡಿ ಕೂಗಿದ್ದಳು, ಅಣ್ಣಾ, ಏನಿದು, ಗಂಧರ್ವರ ಮನೆ ಆಗಿದೆಯಲ್ಲ ಅಂತ. ಅವನು ತುಟಿಯ ಮೇಲೆ ಬೆರಳಿಟ್ಟು, ಬೀಗ ಹಾಕಿ, ರಸ್ತೆ ದಾಟಿ ಅವಳ ಹೊಲಿಗೆ ಮಿಷನ್ನಿನ ಮುಂದೆ ಹೋಗಿ ನಿಂತ. ಏನು ಹೇಳಬೇಕೆಂದು ದಾರಿಯಲ್ಲೂ ಯೋಚಿಸಿರಲಿಲ್ಲ. ಬಾಯಿ ತಾನೇ ಹೇಳಿತು. ಅವಳಿಗೆ ಗೊತ್ತಾದರೆ ಮೇಲೆ ಹತ್ತಿಯೇ ತೀರುತ್ತೇನೆ ಅನ್ನುತ್ತಾಳೆ, ಡಾಕ್ಟರು ಎರಡು ತಿಂಗಳು ಕಾಲೂರಬಾರದು ಅಂದಿದ್ದಾರೆ, ನೋಡಲಾರದೆ ಕೊರಗುವುದಕ್ಕಿಂತ ತಿಳಿಯದೆ ಇರುವುದೇ ವಾಸಿ, ನೀನೂ ಬಾಯಿ ಬಿಡಬೇಡ ತಂಗೀ. ದರ್ಜಿಯ ಕಣ್ಣಲ್ಲಿ ನೀರು ಬಂತು. ನಿಮ್ಮಂಥ ಗಂಡ ಸಿಗಬೇಕಾದರೆ ಅಕ್ಕ ಪುಣ್ಯ ಮಾಡಿರಬೇಕು ಎಂದಳು. ಅವನು ತಲೆ ತಗ್ಗಿಸಿದ. ಆ ಹೊಗಳಿಕೆಯಲ್ಲಿ ಅರ್ಧದಷ್ಟಾದರೂ ನಿಜವಿರಬಹುದಲ್ಲ ಎಂದು ರಸ್ತೆ ದಾಟಿ ಬರುವಾಗ ಅನ್ನಿಸಿತು; ಮನೆ ಬಾಗಿಲಿಗೆ ಬರುವಷ್ಟರಲ್ಲಿ ಪೂರ್ತಿ ನಿಜವೆನಿಸಿತು. ಅವತ್ತು ಅವನು ಒಳ್ಳೆಯವನಾಗಿ ಊಟ ಮಾಡಿದ.

ಆಸ್ಪತ್ರೆಯಲ್ಲಿ ಅವನನ್ನು ಮೂಳೆ ಮೇಷ್ಟ್ರು ಎನ್ನುತ್ತಿದ್ದರು, ಹೆಂಡತಿ ಟೀಚರಾದ್ದರಿಂದ. ಆ ಮೂಳೆ ಮೇಷ್ಟ್ರ ಕ್ಯಾಮೆರಾದಲ್ಲಿ ಇಂಥ ಹೂವೇ ಎಂದು ನರ್ಸುಗಳು ಮುಗಿಬಿದ್ದರು. ಸುದ್ದಿ ದೊಡ್ಡ ಡಾಕ್ಟರ ತನಕ ಹೋಗಿ, ಅವರು ಕೋಣೆಗೇ ಬಂದು ನೋಡಿ, ಕಾಯುವ ರೋಗಿಗಳ ಕಣ್ಣಿಗೆ ಬರೀ ಗೋಡೆಗಿಂತ ಇದು ವಾಸಿ ಎಂದರು. ವಾರದೊಳಗೆ ಆಳುದ್ದದ ಚಿತ್ರ ಚೌಕಟ್ಟು ಹಾಕಿಸಿಕೊಂಡು ಎಕ್ಸ್‌ರೇ ಕೋಣೆಯ ಹೊರಗಿನ ಗೋಡೆ ಏರಿತು. ಚಪ್ಪರದ ಕಬ್ಬಿಣ ಕಾಣದಂತೆ, ಟ್ಯಾಂಕು ಕಾಣದಂತೆ, ಬರೀ ಗೊಂಚಲು ಮತ್ತು ಆಕಾಶ. ಜನ ನೋವು ಹಿಡಿದುಕೊಂಡೇ ತಲೆಯೆತ್ತಿ ನೋಡುವರು. ಯಾರಾದರೂ ಎಲ್ಲಿಯದು ಎಂದರೆ, ನಮ್ಮನೇದೇ ಎನ್ನುವನು. ಮನೆಯಲ್ಲಿ ಅಷ್ಟು ಹೊತ್ತಿಗೆ ಹೂ ಉದುರಲು ಶುರುವಾಗಿತ್ತು. ಹತ್ತೊಂಬತ್ತನೆಯ ದಿನ ಸಂಜೆಯ ಗಾಳಿಗೆ ಉಳಿದದ್ದೂ ಹೋಯಿತು. ಅವನು ಪಕಳೆಗಳನ್ನೆಲ್ಲ ಗುಡಿಸಿ, ಕಾಗದದ ಚೀಲಕ್ಕೆ ತುಂಬಿ, ಮೂರು ಬೀದಿ ಆಚೆಯ ಕಸದ ತೊಟ್ಟಿಗೆ ಹಾಕಿ ಬಂದ. ಅವತ್ತೂ ಕೇಳಿದಳು. ಅವತ್ತು ಹೇಳಿದ ಇಲ್ಲ ಎಂಬುದು ಮಾತ್ರ ಸುಳ್ಳಾಗಿರಲಿಲ್ಲ, ಮತ್ತು ಅದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಎರಡು ತಿಂಗಳಿಗೆ ಮತ್ತೆ ಎಕ್ಸ್‌ರೇ ತೆಗೆಸಬೇಕೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದವನೇ ಅವನು. ಆದರೆ ಗೋಡೆಯ ಚಿತ್ರ ಒಂದು ತಲೆಯಲ್ಲಿ, ಹೆಂಡತಿಯ ಕಾಲು ಇನ್ನೊಂದು ತಲೆಯಲ್ಲಿ ಇದ್ದಂತೆ ಬದುಕಿದ್ದ. ಹಿಂದಿನ ದಿನ ಸಂಜೆ ಒಮ್ಮೆಗೇ ಎರಡೂ ಕೂಡಿಕೊಂಡು ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಚೌಕಟ್ಟು ಸಡಿಲವಾಗಿದೆ, ಒಂದು ದಿನ ಇಳಿಸೋಣ ಎಂದು ದೊಡ್ಡ ಡಾಕ್ಟರಿಗೆ ಹೇಳಿ ನೋಡಿದ. ಅವರು ತಾವೇ ಬಂದು ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆಯಲ್ರೀ, ನಿಮಗೆ ಸಂಕೋಚ ಜಾಸ್ತಿ ಎಂದು ಬೆನ್ನು ತಟ್ಟಿದರು. ಹಿಂಬಾಗಿಲಿನಿಂದ ಕರೆತರೋಣವೆಂದರೆ ಗಾಲಿಕುರ್ಚಿಗೆ ಆ ಕಡೆ ದಾರಿಯಿಲ್ಲ. ಮರುದಿನ ಅವಳ ಕುರ್ಚಿಯನ್ನು ತಾನೇ ತಳ್ಳಿಕೊಂಡು ಆ ಗೋಡೆಯ ಮುಂದೆ ಆದಷ್ಟು ಬೇಗ ಹಾದುಹೋಗಲು ನೋಡಿದ. ನಿಲ್ಲಿಸಿ, ಎಂದಳು. ನಿಲ್ಲಿಸಿದ. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಎಲೆ ನಮ್ಮದರ ಥರಾನೇ ಇದೆ, ಎಂದಳು. ಈಗ ಹೇಳು, ಎಂದಿತು ಒಳಗಿನಿಂದ ಏನೋ. ಇಲ್ಲಿ, ಜನರ ನಡುವೆ ಆಕೆ ಬಯ್ಯಲಾರಳು, ಇದಕ್ಕಿಂತ ಒಳ್ಳೆಯ ಜಾಗ ಸಿಗದು.

"ಅದೇ ಜಾತಿ" ಎಂದ. "ಪಾರ್ಕಿನ ಹತ್ತಿರ ಯಾರದೋ ಮನೇಲಿ ತೆಗೆದದ್ದು."

"ನೀವು ತೆಗೆದದ್ದಾ?"

"ಹ್ಞೂಂ."

"ಚೆನ್ನಾಗಿದೆ ರೀ," ಎಂದಳು. ಎಂದೂ ಹೇಳದ ಮಾತು. ವ್ಯಂಗ್ಯವಿರಲಿಲ್ಲ. ಆಮೇಲೆ ತನಗೇ ಹೇಳಿಕೊಂಡಂತೆ, "ಅವಳು ಹೇಳಿದ್ದು ಸುಳ್ಳಲ್ಲ ಹಾಗಾದ್ರೆ" ಎಂದಳು, ತಂಗಿಯ ಬಗ್ಗೆ. ಅವನು ಕುರ್ಚಿಯನ್ನು ಒಳಗೆ ತಳ್ಳಿದ. ಪರದೆಯ ಮೇಲೆ ಮೂಳೆ ಚೆನ್ನಾಗಿ ಕೂಡಿಕೊಂಡಿತ್ತು, ಸೀಳು ಇದ್ದಲ್ಲಿ ಮಂಜು ಕವಿದಂತೆ ಹೊಸ ಎಲುಬು.

ಆಟೋದಲ್ಲಿ ಮನೆಗೆ ಬಂದರು. ಮಂಚದ ಮೇಲೆ ಕೂರಿಸಿದ ಮೇಲೆ, ನಾಳಿದ್ದು ಭಾನುವಾರ ಅದನ್ನು ಕಡಿದುಹಾಕಿಬಿಡಿ, ಎಂದಳು. ಊರಿಗೆಲ್ಲ ಹೂ ಬಿಟ್ಟಿದೆಯಂತೆ, ನಮ್ಮದೊಂದೇ ಗೊಡ್ಡು. ಏಳು ವರ್ಷ ನೀರು ಹೊತ್ತದ್ದು ಸಾಕು, ಆ ಡ್ರಮ್ಮಿಗೆ ಬೇರೆ ಏನಾದರೂ ಹಾಕೋಣ. ಗೊಡ್ಡು ಎಂಬ ಪದವನ್ನು ಅವಳ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಅದು ಈ ಮನೆಯಲ್ಲಿ ಅವನ ತಾಯಿ ಆಡುತ್ತಿದ್ದ ಮಾತು, ಈ ಹೆಂಗಸಿನ ಎದುರೇ, ತಟ್ಟೆಗೆ ಅನ್ನ ಬಡಿಸಿಕೊಳ್ಳುತ್ತ, ಹತ್ತು ವರ್ಷ. ಪರೀಕ್ಷೆ ಮಾಡಿದ ಡಾಕ್ಟರು ದೋಷ ಇವನದು ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಆ ಕಾಗದವನ್ನು ಅವಳು ನಾಲ್ಕಾಗಿ ಮಡಚಿ ಎಲ್ಲಿಟ್ಟಳೋ, ಯಾರಿಗೂ ತೋರಿಸಲಿಲ್ಲ. ಹತ್ತು ಗಿಡ ಕೊಂದದ್ದನ್ನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವಳು ಆ ಒಂದು ವಿಷಯವನ್ನು ಅವನ ತಾಯಿಯ ಹೆಣ ಏಳುವ ತನಕ, ಆಮೇಲೂ, ಬಾಯಿ ಬಿಡಲಿಲ್ಲ. ತಾಯಿ ಅನ್ನುತ್ತಿದ್ದಾಗ ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಂದು ಮಾತು ಸಾಕಿತ್ತು. ಈಗಲೂ ಒಂದೇ ಮಾತು ಸಾಕು, ಬಾಯೊಳಗೆ ಬಂದು ನಿಂತಿದೆ, ಹಲ್ಲು ತೆರೆದರೆ ಆಯಿತು. ಆದರೆ ಅಷ್ಟು ವರ್ಷ ಮುಚ್ಚಿಟ್ಟು ಪಳಗಿದ ಬಾಯಿ ಅದು. ಸರಿ, ಎಂದ. ಗರಗಸ ಸಾಣೆ ಹಿಡಿಸಬೇಕು, ಎಂದೂ ಸೇರಿಸಿದ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಬಳ್ಳಿಯ ತುಂಬ ಹೊಸ ಎಲೆ, ಎಲೆಯ ಮರೆಯಲ್ಲಿ ಮಖಮಲ್ಲಿನಂಥ ಹಸಿರು ಕಾಯಿ, ಬೆರಳುದ್ದ, ಜೋಡಿಜೋಡಿಯಾಗಿ ನೇತಾಡುತ್ತಿದ್ದವು. ಅವನು ಅವನ್ನು ಮುಟ್ಟಲಿಲ್ಲ. ಬುಡದ ಪಕ್ಕ ಮಂಡಿಯೂರಿ ಕೂತು ಗರಗಸ ಇಟ್ಟ. ಬುಡ ಮಣಿಕಟ್ಟಿನಷ್ಟು ದಪ್ಪವಾಗಿತ್ತು. ಕಾಲು ಭಾಗ ಹೋಗಿರಬಹುದು, ಎದುರು ಕಿಟಕಿಯಿಂದ ಅಣ್ಣಾ, ಏನು ಮಾಡ್ತಿದೀರಿ ಎಂಬ ಕೂಗು ಬಂತು. ಅವನು ತಲೆಯೆತ್ತಲಿಲ್ಲ. ಕಿಟಕಿ ಮುಚ್ಚಿದ ಸದ್ದು, ಅವಳ ಮೆಟ್ಟಿಲ ಸದ್ದು, ಚಪ್ಪಲಿ ರಸ್ತೆ ದಾಟಿದ್ದು, ತನ್ನ ಮನೆಯ ಗೇಟು ಕಿರುಗುಟ್ಟಿದ್ದು, ಒಂದೊಂದನ್ನೂ ಬೇರೆಬೇರೆಯಾಗಿ ಕೇಳಿದ. ಅಕ್ಕಾ, ಅಷ್ಟು ಚೆಂದ ಹೂ ಬಿಟ್ಟ ಬಳ್ಳೀನ ಅಣ್ಣ ಯಾಕೆ ಕಡೀತಿದಾರೆ ಎಂದು ಈಗ ಕೇಳುತ್ತಾಳೆ. ಕೇಳುತ್ತಿದ್ದಾಳೆ. ಕೇಳಿ ಆಯಿತು. ಗರಗಸ ಅರ್ಧದಲ್ಲಿತ್ತು. ಅರ್ಧ ಉಳಿದರೆ ಬದುಕುತ್ತದೆ, ಹಗ್ಗ ಬಿಗಿದು ಮಣ್ಣು ಮೆತ್ತಿದರೆ ಮರದ ಜಾತಿ ಕೂಡಿಕೊಳ್ಳುತ್ತದೆ ಎಂದು ಗಿಡದ ಬಗ್ಗೆ ಏನೂ ತಿಳಿಯದ ಅವನಿಗೂ ಗೊತ್ತಿತ್ತು. ಕೈ ನಿಲ್ಲಿಸಿ ಉಸಿರು ತೆಗೆದುಕೊಂಡ. ಕೆಳಗೆ ಸದ್ದಿಲ್ಲ. ಬದುಕಿದರೆ ಪ್ರತಿ ವರ್ಷ ಹೂ ಬಿಡುತ್ತದೆ. ಪ್ರತಿ ವರ್ಷ, ಹತ್ತೊಂಬತ್ತು ದಿನ, ಅವಳು ಇದರ ಕೆಳಗೆ ಕೂತು ಅವನನ್ನು ನೋಡುತ್ತಾಳೆ. ಅವನು ಮತ್ತೆ ಗರಗಸ ಎಳೆದ, ಮೊದಲಿಗಿಂತ ಬಿರುಸಾಗಿ, ಬುಡ ಕಡಿದು ಬಳ್ಳಿ ಚಪ್ಪರದ ಮೇಲೆ ಒಮ್ಮೆ ನಿಟ್ಟುಸಿರಿಟ್ಟಂತೆ ಸಡಿಲಗೊಳ್ಳುವ ತನಕ.

ಇಳಿದು ಬಂದಾಗ ದರ್ಜಿ ಎದುರಾದಳು. ಅವನ ಮುಖ ನೋಡದೆ, ಸೆರಗು ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ಹಾದುಹೋದಳು. ಹೆಂಡತಿ ಮಂಚದ ತುದಿಯಲ್ಲಿ ವಾಕರ್ ಹಿಡಿದು ಕೂತಿದ್ದಳು. ಅವನು ಬಾಗಿಲಲ್ಲೇ ನಿಂತ. ಬಯ್ಯುತ್ತಾಳೆ ಎಂದು ಕಾದ. ಬಯ್ಗುಳ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಬಾಯಿಪಾಠವಿತ್ತು.

"ಎಷ್ಟು ದಿನ ಇತ್ತು?"

"ಹತ್ತೊಂಬತ್ತು."

"ಕಡಿದದ್ದು ಪೂರ್ತಿ ಆಯ್ತಾ?"

"ಆಯ್ತು."

ಅವಳು ತಲೆಯಾಡಿಸಿದಳು. ಅವನು, ಫೋಟೋ ಇದೆ, ಎಲ್ಲಾ ದಿನದ್ದೂ ಇದೆ, ತರ್ಲಾ ಎಂದ. ತನ್ನ ದನಿ ತನಗೇ ಅಂಗಡಿಯವನ ದನಿಯಂತೆ ಕೇಳಿಸಿತು.

"ಬೇಡ. ಬಾಯಲ್ಲಿ ಹೇಳಿ. ಮೊದಲನೇ ದಿನದಿಂದ."

ಕಣ್ಣು ಮುಚ್ಚಿಕೊಂಡಳು. ಅವನು ಮೊದಲು ತಡವರಿಸಿದ. ಇಲಿಮರಿಯಂಥ ಮೊಗ್ಗು ಎಂದ. ಒಡೆದ ಬೆಳಿಗ್ಗೆ ಜೇನ್ನೊಣಗಳು ಬಂದದ್ದು, ಒಂದು ಗೊಂಚಲೊಳಗೇ ನಿದ್ದೆಹೋದದ್ದು. ಬುಡದಲ್ಲಿ ಶಾಯಿಯಂಥ ಬಣ್ಣ, ತುದಿಯಲ್ಲಿ ನೀರಿಗೆ ಶಾಯಿ ಬಿಟ್ಟಂಥ ಬಣ್ಣ. ಹತ್ತು ಗಂಟೆಯ ಬಿಸಿಲು ಮೇಲಿನಿಂದ ಬಿದ್ದಾಗ ತಾರಸಿಯ ನೆಲವೆಲ್ಲ ನೇರಳೆ ನೆರಳು, ಒಣಹಾಕಿದ ನಿನ್ನ ಬಿಳಿ ಸೀರೆಯ ಮೇಲೂ ಅದೇ ಎಂದ. ಮಾತು ಬರತೊಡಗಿತು. ಇಪ್ಪತ್ತಾರು ವರ್ಷದಲ್ಲಿ ಅವಳ ಎದುರು ಅವನು ಇಷ್ಟು ಉದ್ದ ಮಾತಾಡಿದ್ದಿಲ್ಲ. ನಾಲ್ಕನೆಯ ಪದಕ್ಕೆ ಅವಳೇ ವಾಕ್ಯ ಮುಗಿಸಿಬಿಡುತ್ತಿದ್ದಳು. ಈಗ ಎಲ್ಲಿಯೂ ತಡೆಯಲಿಲ್ಲ, ತಿದ್ದಲಿಲ್ಲ. ಅವಳ ಮುಚ್ಚಿದ ರೆಪ್ಪೆಯಡಿಯಿಂದ ನೀರು ಕೆನ್ನೆಗೆ ಇಳಿಯುವುದು ಕಾಣುತ್ತಿತ್ತು. ತನಗೆ ಸುಖವಾಗುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ನಿಲ್ಲಿಸಲಿಲ್ಲ. ಹನ್ನೆರಡನೆಯ ದಿನದ ಗಾಳಿ, ಟ್ಯಾಂಕಿನ ಮುಚ್ಚಳದ ಮೇಲೆ ನಿಂತ ನೀರಲ್ಲಿ ತೇಲಿದ ಪಕಳೆ, ಎಲ್ಲ ಹೇಳಿದ.

"ಆಮೇಲೆ ಉದುರಿತು" ಎಂದು ನಿಲ್ಲಿಸಿದ.

"ಮುಂದೆ?" ಎಂದಳು. ಬೋರ್ಡಿನ ಮುಂದೆ ಅರ್ಧ ಲೆಕ್ಕಕ್ಕೆ ನಿಂತವನನ್ನು ಕೇಳುವ ದನಿ.

"ಕಾಯಿ ಕಟ್ಟಿತ್ತು."

ಅವಳು ಕಣ್ಣು ತೆರೆದಳು. ಅವನನ್ನಲ್ಲ, ಅವನ ಕೈಗಳನ್ನು ನೋಡಿದಳು. ಬೆರಳ ಸಂದಿಯಲ್ಲಿ ಬಳ್ಳಿಯ ರಸ ಒಣಗಿ ಅಂಟಾಗಿತ್ತು.

"ಮುಂದೆ?" ಎಂದಳು.